ಮೆಟ್ಟಿಲ ಮೇಲೆ ಕೂಡುವವರು ಯಾರು?

ಕಳೆದ ಬೇಸಗೆಯಲ್ಲಿ ನಮ್ಮ ಅಣ್ಣನ ಮಗನು ಅಮೆರಿಕದ ನ್ಯೂಜೆರ್ಸಿಯಿಂದ ತನ್ನ ಹತ್ತು ವರ್ಷದ ಮಗಳೊಡನೆ ಊರಿಗೆ ಬಂದಿದ್ದನು. ಬಿಸಿಲಿನಿಂದಾಗಿ ಮಧ್ಯಾಹ್ನ ಹೊರಗೆ ಕಾಲಿಡುವಂತಿರಲಿಲ್ಲ. ಪಡಸಾಲೆಯಲ್ಲಿ ಕುಳಿತು, ತಾನು ಬಾಲಕನಾಗಿದ್ದಾಗ ಮೆಚ್ಚಿ ನೋಡುತ್ತಿದ್ದ ದೂರದರ್ಶನದ ಆಟವೊಂದನ್ನು ಲ್ಯಾಪ್‌ಟಾಪಿನಲ್ಲಿ ಮಗಳಿಗೆ ತೋರಿಸತೊಡಗಿದನು. ಕೈಯಲ್ಲಿ ಪುಸ್ತಕ ಹಿಡಿದಿದ್ದ ನಮ್ಮ ಕಣ್ಣೂ ಅತ್ತಲೇ ಹೊರಳಿತೆಂಬುದನ್ನು ವಾಚಕರಿಂದ ಮುಚ್ಚಿಡುವುದೇಕೆ?

ಆ ಆಟದ ಹೆಸರು ‘ಲೆಜೆಂಡ್ಸ್ ಆಫ್ ದಿ ಹಿಡನ್ ಟೆಂಪಲ್’. ಮರೆಯಾದ ಗುಡಿಯ ಐತಿಹ್ಯಗಳು ಎಂದು ಅರ್ಥ. ನಿಕಲೋಡಿಯನ್ ಎಂಬ ಮಕ್ಕಳ ವಾಹಿನಿಯು 1993ರಿಂದ 1995ರವರೆಗೆ ಇದರ 120 ಕಂತುಗಳನ್ನು ಪ್ರಸಾರ ಮಾಡಿತು. ಫ್ಲೋರಿಡಾ ರಾಜ್ಯದ ಒರ್ಲ್ಯಾಂಡೊ ನಗರದಲ್ಲಿ ಇದರ ಚಿತ್ರೀಕರಣ ನಡೆಯುತ್ತಿತ್ತು. ಒಬ್ಬ ಹುಡುಗ, ಒಬ್ಬ ಹುಡುಗಿ ಸೇರಿ ಒಂದು ಜೋಡಿ. ಅಂತಹ ಆರು ಜೋಡಿಗಳು. ಹಸಿರು ಕೋತಿಗಳು, ನೇರಳೆ ಗಿಳಿಗಳು, ಬೆಳ್ಳಿಯ ಹಾವುಗಳು ಎಂದು ಒಂದೊಂದಕ್ಕೂ ಬಣ್ಣದ ಹೆಸರು. ಮೊದಲು ನೀರಿನ ಕಂದಕವನ್ನು ದಾಟಬೇಕು. ಮುಂದಾಗಿ ದಾಟಿದ ನಾಲ್ಕು ಜೋಡಿಗಳು ‘ಜ್ಞಾನದ ಮೆಟ್ಟಿಲು’ಗಳ ಮೇಲೆ ನಿಲ್ಲುವರು.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ಮೆಟ್ಟಿಲುಗಳೇ. ಎದುರಿಗೆ ಒಂದು ಬೃಹತ್ತಾದ ಕಲ್ಲಿನ ತಲೆ, ಹೆಸರು ಓಲ್ಮೆಕ್. ಮೆಕ್ಸಿಕೋ ದೇಶದ ಕೊಲ್ಲಿಯ ತೀರದಲ್ಲಿ ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಬಾಳಿದ ಓಲ್ಮೆಕ್ ಜನರು ಕಪ್ಪು ಶಿಲೆಯಲ್ಲಿ ಕಡೆದ ಮಹಾಶಿರಗಳು ಇಂದಿಗೂ ಉಳಿದಿವೆ. ಕೆಲವು ಆಳೆತ್ತರವನ್ನು ಮೀರಿವೆ. ಆ ಶಿರಗಳು ಯಾರವೆಂಬುದನ್ನು ಹೇಳುವ ಶಾಸನವಿಲ್ಲ; ಅರಸರ ಮುಖಗಳಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅಂತಹ ಮೂಕ ಶಿಲೆಗೆ ಈ ಆಟದವರು ಬಾಯಿ ಕೊಟ್ಟರು. ಡೀ ಬ್ರ್ಯಾಡ್ಲಿ ಬೇಕರ್ ಎಂಬ ಕಲಾವಿದರು ಧ್ವನಿಯಿತ್ತರು. ಗೆಲಿಲಿಯೋನ ಗುಂಡು, ಗುಲಾಮರನ್ನು ಬಿಡುಗಡೆಗೆ ನಡೆಸಿದ ಹ್ಯಾರಿಯೆಟ್ ಟಬ್‌ಮನ್ ಎಂಬ ಮಹಾತಾಯಿಯ ಊರುಗೋಲು, ಹೀಗೆ ದೇಶದೇಶಗಳ ವಸ್ತುವೊಂದನ್ನು ಹಿಡಿದು ಆ ತಲೆಯು ಕಥೆ ಹೇಳುವುದು. ಕಥೆಯಲ್ಲಿ ಇತಿಹಾಸವೆಷ್ಟು, ಕಟ್ಟುಕಥೆಯೆಷ್ಟು ಎಂಬ ತಕರಾರನ್ನು ಬದಿಗಿರಿಸೋಣ. ಮಕ್ಕಳು ಮೈಯೆಲ್ಲ ಕಿವಿಯಾಗಿ ಕೇಳಿ ಪ್ರಶ್ನೆಗೆ ಉತ್ತರಿಸಬೇಕು. ಸರಿಯಾದ ಉತ್ತರಕ್ಕೆ ಒಂದು ಮೆಟ್ಟಿಲು ಕೆಳಗೆ. ಮೂರು ಉತ್ತರ ಹೇಳಿದವರು ನೆಲ ಮುಟ್ಟುವರು. ಬಲ್ಲವನು ಕೆಳಗಿಳಿಯಬೇಕೆಂಬ ಈ ಏರ್ಪಾಡು ನಮಗೆ ಬಹಳ ಹಿಡಿಸಿತು.

ಬಳಿಕ ಉಳಿದ ಎರಡು ಜೋಡಿಗಳ ನಡುವೆ ಪೈಪೋಟಿ. ಗೆದ್ದ ಒಂದು ಜೋಡಿಗೆ ಗುಡಿಯ ಪ್ರವೇಶ. ಒಳಗೆ ಕೋಣೆಯಿಂದ ಕೋಣೆಗೆ ದಾರಿ ಹುಡುಕುತ್ತ, ಅಡಗಿ ನಿಂತ ಕಾವಲುಗಾರರಿಂದ ತಪ್ಪಿಸಿಕೊಂಡು, ಮೂರೇ ನಿಮಿಷಗಳಲ್ಲಿ ಆ ವಸ್ತುವನ್ನು ಹೊರತರಬೇಕು. ಒಂದು ಕೋಣೆಯಲ್ಲಿ ಬೆಳ್ಳಿಯ ಕೋತಿಯ ಮೂರು ತುಂಡುಗಳಿದ್ದವು. ಪೀಠ, ನಡು, ತಲೆ. ಒಂದರ ಮೇಲೊಂದಿಟ್ಟರೆ ಮುಗಿಯಿತು. ಆದರೆ ಓಡಿಬಂದ ಮಗುವಿನ ಕೈ ನಡುಗಿ, ತುಂಡು ತಿರುವುಮುರುವಾಗಿ, ಅಲ್ಲಿಯೇ ಹೊತ್ತು ಮುಗಿದುಹೋಗುತ್ತಿತ್ತು. ಒಳಹೊಕ್ಕವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಮರಳಿದರು. ಇಷ್ಟು ಸೋಲಿನ ಆಟವನ್ನು ಮಕ್ಕಳು ಇಷ್ಟೇಕೆ ಪ್ರೀತಿಸಿದರು? “ಕಾಕಾ, ನಾನು ಇದ್ದಿದ್ದರೆ ಸರಿಯಾಗಿ ಜೋಡಿಸುತ್ತಿದ್ದೆ ಅಂತ ಪ್ರತಿ ಸಲ ಅನಿಸುತ್ತಿತ್ತು” ಎಂದನು ನಮ್ಮ ಅಣ್ಣನ ಮಗ. ಒರ್ಲ್ಯಾಂಡೊ ಅವರಿದ್ದ ಊರಿನಿಂದ ಬಹುದೂರ. ಆ ಆಸೆ ಕೈಗೂಡಲಿಲ್ಲ.

ಆಮೇಲೆ ಅವನು, ಹೊಸದಾಗಿ ಮರಳಿ ಬಂದ ಆಟವೆಂದು ಇನ್ನೊಂದನ್ನು ತೋರಿಸಿದನು. ಮೊದಲು ಕ್ವಿಬಿ ಎಂಬ ಮೊಬೈಲು ವಾಹಿನಿಯು ಇದನ್ನು ಎತ್ತಿಕೊಂಡಿತ್ತು. ಆ ವಾಹಿನಿಯು 2020ರ ಏಪ್ರಿಲ್‌ನಲ್ಲಿ ಹುಟ್ಟಿ ಡಿಸೆಂಬರ್‌ನಲ್ಲಿಯೇ ಮುಚ್ಚಿತು. ಕೊನೆಗೆ 2021ರ ಅಕ್ಟೋಬರ್‌ನಲ್ಲಿ ಸಿ.ಡಬ್ಲ್ಯೂ. ಎಂಬ ವಾಹಿನಿಯಲ್ಲಿ ಅದು ತೆರೆಕಂಡಿತು. ಅದೇ ಕಲ್ಲಿನ ತಲೆ, ಅದೇ ಬೇಕರರ ಧ್ವನಿ, ಅವೇ ಮೆಟ್ಟಿಲುಗಳು, ಅದೇ ಬೆಳ್ಳಿಯ ಕೋತಿ. ಸ್ಟುಡಿಯೋದ ಬದಲಿಗೆ ಬಯಲು. ಮಗುವು ಸ್ವಲ್ಪ ಹೊತ್ತು ನೋಡಿ ಕೇಳಿತು: “ಅಪ್ಪಾ, ಇದರಾಗ ಮಕ್ಕಳು ಎಲ್ಲಿ ಅದಾರ?”

ಮಕ್ಕಳು ಇರಲಿಲ್ಲ. ಮೆಟ್ಟಿಲ ಮೇಲೆ ನಿಂತವರೆಲ್ಲರೂ ಬೆಳೆದವರು! 1993ರಲ್ಲಿ ನೆಲದ ಮೇಲೆ ಕುಳಿತು ಬಾಯ್ದೆರೆದು ನೋಡಿದವರೇ ಈಗ ಬಣ್ಣದ ಅಂಗಿ ತೊಟ್ಟು ಬಂದಿದ್ದರು. ಆಟದವರು ಅವರಿಗೆಂದೇ ಅದನ್ನು ಕಟ್ಟಿದ್ದರು. ಅಂದಿನ ಬಾಲಕರ ಕೈಯಲ್ಲಿ ಇಂದು ಹಣವಿದೆ, ಹಳೆಯ ಹಂಬಲವೂ ಇದೆ. ವ್ಯಾಪಾರಿಗೆ ಇನ್ನೇನು ಬೇಕು? ಆದರೆ ಆ ಹಂಬಲವನ್ನು ನಾವು ಹಳಿಯಲಾರೆವು. ಬಾಲ್ಯದಲ್ಲಿ ಕೈತಪ್ಪಿದ್ದು ಮುಪ್ಪಿನವರೆಗೂ ಮುಳ್ಳಿನಂತೆ ನಟ್ಟಿರುತ್ತದೆ. ನಮ್ಮ ಮಗನಂತಹ ಆ ಹುಡುಗನ ಮುಖದಲ್ಲಿಯೇ ಅದನ್ನು ಕಂಡೆವು. ಮಗಳ ಪ್ರಶ್ನೆಗೆ ಅವನು ಉತ್ತರ ಹೇಳದೆ ಲ್ಯಾಪ್‌ಟಾಪು ಮುಚ್ಚಿದನು. ಆ ಹೊಸ ಆಟವೂ ಒಂದೇ ಸರಣಿಗೆ ನಿಂತುಹೋಯಿತೆಂದು ಆಮೇಲೆ ತಿಳಿಯಿತು.

ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು. ಅದೇ ನಿಕಲೋಡಿಯನ್ ವಾಹಿನಿಯಲ್ಲಿ 1986ರಲ್ಲಿ ‘ಡಬಲ್ ಡೇರ್’ ಎಂಬ ಮಕ್ಕಳ ಆಟ ಮೊದಲಾಗಿತ್ತು. ಪ್ರಶ್ನೆಗೆ ಉತ್ತರ ಬಾರದಿದ್ದರೆ ಎದುರಾಳಿಗೆ ಸವಾಲು ಹಾಕುವುದು, ಕೊನೆಗೆ ಲೋಳೆಯಲ್ಲಿ, ಕೆನೆಯಲ್ಲಿ ಬಿದ್ದೆದ್ದು ಸಾಹಸ ಮಾಡುವುದು. ತಿನ್ನುವ ಪದಾರ್ಥವನ್ನು ಚೆಲ್ಲಾಡುವ ಆಟವು ದಾಸೋಹದ ಅನ್ನ ಉಂಡು ಬೆಳೆದ ನಮಗೆ ಸೇರುವುದಿಲ್ಲವೆಂಬುದನ್ನು ಹೇಳಿಯೇ ಮುಂದುವರಿಯುತ್ತೇವೆ. (ಅದರ ನಿರೂಪಕರಾದ ಮಾರ್ಕ್ ಸಮ್ಮರ್ಸ್ ಅವರು ಶುಚಿತ್ವದ ಗೀಳಿನ ಕಾಯಿಲೆಯಿಂದ ನರಳುತ್ತಿದ್ದುದಾಗಿ ಮುಂದೆ ತಾವೇ ಬಹಿರಂಗಪಡಿಸಿದರು. ನಿತ್ಯವೂ ಆ ಕೆಸರಿನಲ್ಲಿ ನಗುತ್ತ ನಿಂತವರ ಒಳಗಿನ ಸಂಕಟವನ್ನು ಯಾರು ಬಲ್ಲರು!) 2018ರಲ್ಲಿ ಆ ಆಟ ಮರಳಿದಾಗ ಕೆಸರಿಗಿಳಿದವರು ಮಕ್ಕಳೇ. ನಿರೂಪಣೆಯ ಪೀಠವು, ಆಟ ಮೊದಲಾದಾಗ ಇನ್ನೂ ಹುಟ್ಟಿರದ ಲೀಜಾ ಕೋಶಿ ಎಂಬ ತರುಣಿಗೆ ಸಂದಿತು. ಸಮ್ಮರ್ಸ್ ಅವರು ಬದಿಯಲ್ಲಿ ಕುಳಿತು ಆಟವನ್ನು ಬಣ್ಣಿಸಿದರು. ಪೀಠ ಬಿಟ್ಟುಕೊಟ್ಟು ಬದಿಗೆ ಕೂಡುವುದು ಎಷ್ಟು ಕಠಿಣವೆಂಬುದನ್ನು ಮಠಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಗುವಿನ ಪ್ರಶ್ನೆ ನಮ್ಮನ್ನು ಚುಚ್ಚಿದ್ದಕ್ಕೆ ಕಾರಣ ಬೇರೆಯೇ ಇದೆ. ನಾವು ಓದಿದ ಮಠದ ಪ್ರಸಾದನಿಲಯದಲ್ಲಿ ಶನಿವಾರ ಸಂಜೆ ಗುರುಗಳು ಕಲ್ಲಿನ ಮೆಟ್ಟಿಲುಗಳ ಮೇಲೆ ನಮ್ಮನ್ನು ಕೂಡಿಸಿ ಶರಣರ ಕಥೆ ಹೇಳಿ ಪ್ರಶ್ನೆ ಕೇಳುವ ವಾಡಿಕೆಯಿತ್ತು. ಉತ್ತರಿಸಿದವನಿಗೆ ಬೆಲ್ಲದ ತುಂಡು. ಆ ವಾಡಿಕೆ ನಿಂತು ವರ್ಷಗಳೇ ಆಗಿದ್ದವು. ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಅದನ್ನು ಮತ್ತೆ ನಡೆಸಿದೆವು. ಮೆಟ್ಟಿಲ ಮೇಲೆ ಕುಳಿತವರು ನಾವೇ, ತಲೆ ನರೆತವರು. ನಿಲಯದ ಹುಡುಗರು ನೀರಿನ ತಂಬಿಗೆ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಒಂದು ಪ್ರಶ್ನೆಗೆ ನಾವು ತಡವರಿಸುತ್ತಿರುವಾಗ ಎದುರಿಗೆ ನಿಂತ ಹುಡುಗನೊಬ್ಬನ ತುಟಿಗಳು ಅಲುಗಿದವು. ಅವನಿಗೆ ಉತ್ತರ ಗೊತ್ತಿತ್ತು. ನಾವು ಅವನ ತುಟಿ ನೋಡಿಯೇ ಉತ್ತರ ಹೇಳಿದೆವು. ಬೆಲ್ಲದ ಬದಲಿಗೆ ಶಾಲು ಹೊದಿಸಿದರು, ಹೊದ್ದುಕೊಂಡೆವು. ಅದು ಈಗಲೂ ಮನೆಯ ಪೆಟ್ಟಿಗೆಯಲ್ಲಿದೆ.

ಅಣ್ಣನ ಮಗನು ಮರಳಿ ಹೋದ ಮೇಲೆ ಕೂಟದ ಕಾರ್ಯದರ್ಶಿಗಳಿಗೆ ಒಂದು ಪತ್ರ ಬರೆದೆವು. ಈ ವರ್ಷ ಮೆಟ್ಟಿಲ ಮೇಲೆ ನಿಲಯದ ಮಕ್ಕಳನ್ನೇ ಕೂಡಿಸಬೇಕು, ನಾವು ಕಥೆ ಹೇಳೋಣ, ನೀರೂ ಕೊಡೋಣ ಎಂದು. ಪತ್ರಕ್ಕೆ ಉತ್ತರವಿನ್ನೂ ಬಂದಿಲ್ಲ. ಆದರೆ ಸಂಗತಿ ತಿಳಿದ ಹಳೆಯ ಗೆಳೆಯರೊಬ್ಬರು ದೂರವಾಣಿ ಮಾಡಿ, “ಹುಡುಗರು ಕೂಡ್ರೂದಾದರ ನಾವು ಯಾಕ ಬರಬೇಕ್ರೀ ಶಾಸ್ತ್ರಿಗಳ?” ಎಂದು ಕೇಳಿದರು.