ನಕ್ಷತ್ರ ಹುಡುಕಿದವರ ಹೆಸರು ಉಳಿಯಬೇಕು

2016ರಲ್ಲಿ ಒಂದು ಬಾಹ್ಯಾಕಾಶ ನಿಲ್ದಾಣ ಇಡಿಯಾಗಿ ಕಾಣೆಯಾಯಿತು. ‘ಎಲೀಟ್ ಡೇಂಜರಸ್’ ಎಂಬ ಆನ್‌ಲೈನ್ ಆಟದ ‘ಜಾಕ್ಸ್ ಸ್ಟೇಷನ್’ ಕ್ಷೀರಪಥದ ಆಚೆ ಅಂಚಿನಲ್ಲಿರುವ, ಸೂರ್ಯನಿಂದ ಸುಮಾರು 65,000 ಜ್ಯೋತಿರ್ವರ್ಷ ದೂರದ ‘ಬೀಗಲ್ ಪಾಯಿಂಟ್’ಗೆ ಜಿಗಿಯಬೇಕಿತ್ತು. ಅದಕ್ಕೆ ಬೇಕಾದ ಇಂಧನವನ್ನು ಆಟಗಾರರೇ ಹೊತ್ತು ತಂದಿದ್ದರು. ನಿಲ್ದಾಣ ಜಿಗಿಯಿತು, ಆದರೆ ಗುರಿ ಸೇರಲಿಲ್ಲ. ಹುಡುಕಾಟ ಶುರುವಾಗಿ ಕೆಲವು ವಾರಗಳ ಬಳಿಕ ಒಬ್ಬ ಆಟಗಾರನ ಕಣ್ಣಿಗೆ ಅದು ಬಿತ್ತು. ಸೂರ್ಯನಿಂದ ಸುಮಾರು 22,000 ಜ್ಯೋತಿರ್ವರ್ಷ ದೂರದಲ್ಲಿ, ಯಾವ ವಸತಿಯೂ ಇಲ್ಲದ ಕಡೆ ಅದು ಜಖಂಗೊಂಡು ನಿಂತಿತ್ತು. ಸುದ್ದಿ ತಿಳಿದವರು ದುರಸ್ತಿ ಸಾಮಗ್ರಿ ತುಂಬಿಕೊಂಡು ಅತ್ತ ಹೊರಟರು. ಇಂದು ಆ ಜಾಗದ ಸುತ್ತ ‘ಕೊಲೋನಿಯಾ’ ಎಂಬ ದೊಡ್ಡ ವಸಾಹತೇ ಬೆಳೆದಿದೆ.

ಕೇಂಬ್ರಿಡ್ಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಕಂಪನಿ 2014ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಈ ಆಟದಲ್ಲಿ ಕ್ಷೀರಪಥವನ್ನು ಅದರ ನಿಜ ಅಳತೆಯಲ್ಲೇ ಕಟ್ಟಲಾಗಿದೆ. ಅಲ್ಲಿರುವ ನಕ್ಷತ್ರ ವ್ಯವಸ್ಥೆಗಳು ಸುಮಾರು 40,000 ಕೋಟಿ. ಖಗೋಳ ವಿಜ್ಞಾನಿಗಳ ಪಟ್ಟಿಗಳಿಂದ ತೆಗೆದುಕೊಂಡ ನಿಜ ನಕ್ಷತ್ರಗಳು ಒಂದೂವರೆ ಲಕ್ಷದಷ್ಟಿವೆ. ಉಳಿದವನ್ನೆಲ್ಲ ಭೌತವಿಜ್ಞಾನದ ನಿಯಮಗಳನ್ನು ಆಧರಿಸಿದ ಗಣಿತ ಸೂತ್ರಗಳು ಸೃಷ್ಟಿಸುತ್ತವೆ. ಆ ಸೂತ್ರಗಳು ಎಷ್ಟು ಗಟ್ಟಿ ಎಂಬುದು 2017ರಲ್ಲಿ ಗೊತ್ತಾಯಿತು. ಟ್ರಾಪಿಸ್ಟ್-1 ನಕ್ಷತ್ರಕ್ಕೆ ಏಳು ಗ್ರಹಗಳಿವೆ ಎಂದು ಆ ವರ್ಷದ ಫೆಬ್ರುವರಿಯಲ್ಲಿ ನಾಸಾ ಪ್ರಕಟಿಸಿದಾಗ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಳು ಗ್ರಹಗಳ ಒಂದು ವ್ಯವಸ್ಥೆ ಆಟದಲ್ಲಿ ಮೊದಲೇ ಇತ್ತು. ಕಂಪನಿ ಅದನ್ನು ಸ್ವಲ್ಪ ತಿದ್ದಿ, ಹೆಸರು ಬದಲಿಸಿದರೆ ಸಾಕಾಯಿತು.

ಇಂಥ ಆಕಾಶದಲ್ಲಿ ಅನ್ವೇಷಣೆ ಅಗ್ಗದ ಕೆಲಸವಲ್ಲ. ಹಡಗು ಒಂದು ಜಿಗಿತಕ್ಕೆ ಕೆಲವು ಹತ್ತಾರು ಜ್ಯೋತಿರ್ವರ್ಷ ಮಾತ್ರ ಸಾಗುತ್ತದೆ. ಬೀಗಲ್ ಪಾಯಿಂಟ್ ತಲುಪಲು ಸಾವಿರಕ್ಕೂ ಹೆಚ್ಚು ಜಿಗಿತ ಬೇಕಾಗಬಹುದು. ದಾರಿಯಲ್ಲಿ ನಕ್ಷತ್ರದ ಅಂಚಿಗೇ ಹೋಗಿ ಇಂಧನ ತುಂಬಿಕೊಳ್ಳಬೇಕು, ಆದರೆ ಎಲ್ಲ ನಕ್ಷತ್ರವೂ ಇಂಧನ ಕೊಡುವುದಿಲ್ಲ. ಓ, ಬಿ, ಎ, ಎಫ್, ಜಿ, ಕೆ, ಎಂ ಎಂಬ ವರ್ಗಗಳ ನಕ್ಷತ್ರಗಳು ಕೊಡುತ್ತವೆ, ಕಂದು ಕುಬ್ಜಗಳು ಕೊಡುವುದಿಲ್ಲ. ಕಾಲೇಜಿನ ಪಾಠದಲ್ಲಿ ಬಾಯಿಪಾಠ ಮಾಡಿ ಮರೆತುಹೋಗುವ ಈ ವರ್ಗೀಕರಣ ಇಲ್ಲಿ ಪ್ರಾಣ ಉಳಿಸುವ ವಿದ್ಯೆ. ಇಂಧನ ಮುಗಿದು ನಡುದಾರಿಯಲ್ಲಿ ಸಿಕ್ಕಿಬಿದ್ದವರಿಗೆ ನೆರವಾಗಲು ‘ಫ್ಯುಯೆಲ್ ರ‍್ಯಾಟ್ಸ್’ ಎಂಬ ಸ್ವಯಂಸೇವಕರ ಗುಂಪೇ 2015ರಿಂದ ದುಡಿಯುತ್ತಿದೆ. ದುಡ್ಡಿಲ್ಲ, ಬಹುಮಾನವಿಲ್ಲ. ಅಪರಿಚಿತನೊಬ್ಬನಿಗೆ ಇಂಧನ ಕೊಡಲು ಇವರು ಗಂಟೆಗಟ್ಟಲೆ ಹಾರುತ್ತಾರೆ.

ಇಷ್ಟೆಲ್ಲ ಕಷ್ಟಕ್ಕೆ ಸಿಗುವ ಫಲವೇನು? ಒಂದು ಹೆಸರು. ಹೊಸ ವ್ಯವಸ್ಥೆಯೊಂದನ್ನು ಮೊದಲು ಕಂಡು, ಆ ದತ್ತಾಂಶವನ್ನು ವಾಪಸು ತಂದು ಒಪ್ಪಿಸಿದವರ ಹೆಸರು ಆ ನಕ್ಷತ್ರದ ಪಕ್ಕದಲ್ಲಿ ದಾಖಲಾಗುತ್ತದೆ. ನಡುವೆ ಹಡಗು ಒಡೆದುಹೋದರೆ ತಿಂಗಳುಗಟ್ಟಲೆ ಮಾಡಿದ ಕೆಲಸವೂ ಹೋಯಿತು. ಹಾಗಿದ್ದೂ 2019ರ ಜನವರಿಯಲ್ಲಿ ಹೊರಟ ‘ಡಿಸ್ಟೆಂಟ್ ವರ್ಲ್ಡ್ಸ್ 2’ ಯಾತ್ರೆಗೆ ಹತ್ತು ಸಾವಿರಕ್ಕೂ ಹೆಚ್ಚು ಆಟಗಾರರು ಹೆಸರು ನೋಂದಾಯಿಸಿದರು. ಹತ್ತು ವರ್ಷ ದಾಟಿದ ಮೇಲೂ ಈ ಗೆಲಾಕ್ಸಿಯಲ್ಲಿ ಮನುಷ್ಯರು ಕಂಡಿರುವುದು ಶೇಕಡ ಒಂದರ ಸಣ್ಣದೊಂದು ಚೂರು ಮಾತ್ರ.

ಆದರೆ ಈ ಹೆಸರುಗಳೆಲ್ಲ ಇರುವುದು ಒಂದು ಕಂಪನಿಯ ಸರ್ವರ್‌ಗಳಲ್ಲಿ. ಇಂಟರ್‌ನೆಟ್ ಇಲ್ಲದೆಯೂ ಆಡುವಂಥ ಆವೃತ್ತಿ ಕೊಡುವುದಾಗಿ ಮೊದಲು ಹೇಳಿದ್ದ ಫ್ರಾಂಟಿಯರ್, ಬಿಡುಗಡೆಗೆ ಒಂದು ತಿಂಗಳಿರುವಾಗ, 2014ರ ನವೆಂಬರಿನಲ್ಲಿ, ಆ ಮಾತನ್ನು ಹಿಂತೆಗೆದುಕೊಂಡಿತು. 2022ರ ಮಾರ್ಚಿನಲ್ಲಿ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳಿಗೆ ಹೊಸ ಬೆಳವಣಿಗೆಯೇ ಇಲ್ಲವೆಂದು ಘೋಷಿಸಿತು. ನಾಳೆ ಲಾಭ ಕುಸಿದು ಸರ್ವರ್ ಆರಿದರೆ ಲಕ್ಷಾಂತರ ಜನರ ಹುಡುಕಾಟ ಅದರೊಂದಿಗೇ ಅಳಿಯುತ್ತದೆ.

ಇದು ಬರೀ ಊಹೆಯ ಭಯವಲ್ಲ. ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಎಂಬ ಕಾರ್ ಓಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಿತು. ದುಡ್ಡು ಕೊಟ್ಟು ಕೊಂಡವರೂ ಅದನ್ನು ಒಬ್ಬರೇ ಕೂತು ಆಡಲಾಗದಂತಾಯಿತು. ಅದರ ಬೆನ್ನಲ್ಲೇ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ಸಹಿ ದಾಟಿತು. ಸರ್ವರನ್ನು ಎಂದೆಂದಿಗೂ ನಡೆಸಿ ಎಂದು ಅವರು ಕೇಳುತ್ತಿಲ್ಲ. ಬಾಗಿಲು ಹಾಕುವಾಗ ಆಟವನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತಿದ್ದಾರೆ. ನ್ಯಾಯವಾದ ಬೇಡಿಕೆ.

ಎಲೀಟ್‌ನ ವಿಷಯದಲ್ಲಿ ಈ ಬೇಡಿಕೆಗೆ ಇನ್ನೂ ಹೆಚ್ಚಿನ ಬಲವಿದೆ. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಕೇಂಬ್ರಿಡ್ಜ್ ವಿದ್ಯಾರ್ಥಿಗಳು ಬರೆದ ಮೂಲ ‘ಎಲೀಟ್’ನಲ್ಲಿ ಎಂಟು ಗೆಲಾಕ್ಸಿಗಳಿದ್ದವು, ಒಂದೊಂದರಲ್ಲಿ 256 ನಕ್ಷತ್ರ ವ್ಯವಸ್ಥೆಗಳು. ಕೇವಲ 32 ಕಿಲೋಬೈಟ್ ಸ್ಮೃತಿಯ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಅವೆಲ್ಲ ಹಿಡಿಸಿದ್ದು ಸೂತ್ರಗಳಿಂದಲೇ. ನಲವತ್ತು ವರ್ಷ ಕಳೆದರೂ ಅದನ್ನು ಇಂದಿನ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಮೂಲಕ ಆಡಬಹುದು. ಮಠ, ಮನೆಗಳಲ್ಲಿ ಕೈಯಿಂದ ಕೈಗೆ ನಕಲಾಗುತ್ತ ಬಂದ ಓಲೆಗರಿಗಳಂತೆ ಅದು ಹಲವು ಕೈಗಳಲ್ಲಿ ಉಳಿದುಕೊಂಡಿದೆ. ಹೊಸ ಆಟಕ್ಕೆ ಆ ಭಾಗ್ಯ ಇಲ್ಲ.

ಅರ್ಧ ಕೆಲಸವನ್ನು ಆಟಗಾರರೇ ಮಾಡಿಟ್ಟಿದ್ದಾರೆ. ಆಟ ಅವರವರ ಕಂಪ್ಯೂಟರಿನಲ್ಲಿ ಬರೆದಿಡುವ ದಿನಚರಿಯಿಂದ ಮಾಹಿತಿ ಹೆಕ್ಕಿ, ಕೋಟ್ಯಂತರ ವ್ಯವಸ್ಥೆಗಳ ವಿವರಗಳನ್ನು ‘ಇಡಿಎಸ್‌ಎಂ’ ಎಂಬ ಸಾರ್ವಜನಿಕ ನಕ್ಷೆಗೆ ಸೇರಿಸಿದ್ದಾರೆ. ಉಳಿದರ್ಧ ಕಂಪನಿಯ ಪಾಲಿನದು. ಮೊದಲು ಕಂಡವರ ಪೂರ್ಣ ಪಟ್ಟಿಯನ್ನು ಅದು ಕಾಲಕಾಲಕ್ಕೆ ಪ್ರಕಟಿಸಬೇಕು. ಸರ್ವರ್ ನಿಲ್ಲುವ ದಿನ ಬಂದರೆ, ವ್ಯಾಪಾರ, ಯುದ್ಧಗಳೇನೂ ಇಲ್ಲದಿದ್ದರೂ ಸರಿ, ಒಬ್ಬರೇ ಹಾರಾಡಬಲ್ಲ ಆವೃತ್ತಿಯೊಂದನ್ನು ಕೊಡುವೆನೆಂದು ಇಂದೇ ಬರವಣಿಗೆಯಲ್ಲಿ ಒಪ್ಪಬೇಕು. ಇದಕ್ಕೆ ಖರ್ಚಾಗುತ್ತದೆ, ನಿಜ. ಆದರೆ ಆಟ ಸತ್ತಮೇಲೆ ಆ ಖರ್ಚಿಗೆ ಹಣವೂ ಇರುವುದಿಲ್ಲ, ಕೋಡ್ ಬಲ್ಲ ಎಂಜಿನಿಯರುಗಳೂ ಇರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಆಟಗಾರರೇ ಹೊಸ ನಿಲ್ದಾಣಗಳನ್ನು ಕಟ್ಟಿ ವಸಾಹತು ಹೂಡುವ ಅವಕಾಶ ಬಂದ ಬಳಿಕ ಬಿಟ್ಟುಹೋದವರು ಎಷ್ಟೋ ಜನ ಮರಳಿದ್ದಾರೆ. ಜನವೂ ಆದಾಯವೂ ಇರುವ ಈ ಹೊತ್ತಿನಲ್ಲೇ ಫ್ರಾಂಟಿಯರ್ ಆ ಭರವಸೆಯನ್ನು ಪ್ರಕಟಿಸಲಿ.