ದಂತದ ಪೆಟ್ಟಿಗೆಯೂ ನಮ್ಮ ಅನುಮೋದನೆಯೂ

ಹನ್ನೆರಡನೆಯ ಶತಮಾನದಲ್ಲಿ ನಾರ್ಮನ್ ಅರಸರ ಸಿಸಿಲಿಯಲ್ಲಿ ಆನೆಯ ದಂತದ ಪೆಟ್ಟಿಗೆಗಳು ಸಿದ್ಧವಾದವು. ಅವುಗಳ ಮೇಲೆ ಇಸ್ಲಾಮೀ ಶೈಲಿಯ ಬಳ್ಳಿ, ಪಕ್ಷಿಗಳು. ಕೆಲವುಗಳಲ್ಲಿ ಕ್ರೈಸ್ತ ಸಂತರ ಚಿತ್ರಗಳು. ಯುರೋಪಿನ ಚರ್ಚುಗಳು ಸಂತರ ಅವಶೇಷಗಳನ್ನು ಅವುಗಳಲ್ಲಿಟ್ಟು ಕಾಪಾಡಿದವು. ಇವು ಮತಸೌಹಾರ್ದದ ಕುರುಹುಗಳೆಂಬ ಹೊಗಳಿಕೆಯುಂಟು. ಆ ಸೌಹಾರ್ದದಲ್ಲಿ ಆನೆಗೆ ಪಾಲಿತ್ತೇ?

ಅದೇ ಶತಮಾನದಲ್ಲಿ ಆಚಾರ್ಯ ಹೇಮಚಂದ್ರರು ‘ಯೋಗಶಾಸ್ತ್ರ’ದಲ್ಲಿ ಶ್ರಾವಕನು ತ್ಯಜಿಸಬೇಕಾದ 15 ಕರ್ಮಾದಾನಗಳನ್ನು ಎಣಿಸಿದರು. ದಂತವಾಣಿಜ್ಯವು ಅವುಗಳಲ್ಲೊಂದು. ಸರಕಾರದ ಕಾನೂನು ಬಂದದ್ದು ಬಹಳ ತಡವಾಗಿ: 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಾದ ತಿದ್ದುಪಡಿ ದೇಶೀಯ ದಂತದ ವ್ಯಾಪಾರವನ್ನೂ, 1991ರದು ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಷೇಧಿಸಿದವು. ಬೀಟೆಮರದಲ್ಲಿ ದಂತ ಕೂರಿಸುತ್ತಿದ್ದ ಮೈಸೂರಿನ ಕುಶಲಕರ್ಮಿಗಳು ಬಣ್ಣದ ಮರಕ್ಕೂ ಪ್ಲಾಸ್ಟಿಕ್ಕಿಗೂ ಹೊರಳಿದರು. ಕಲೆ ಸಾಯಲಿಲ್ಲ.

“ಹಳೆಯ ವಸ್ತು, ಆನೆ ಎಂದೋ ಸತ್ತಿದೆ, ಈಗ ದೋಷವೇನು?” ಎನ್ನುವವರುಂಟು. ದಂತದ ಮೂರನೆಯ ಒಂದರಷ್ಟು ಭಾಗ ತಲೆಬುರುಡೆಯೊಳಗೆ ಹುದುಗಿರುತ್ತದೆ. ಅದನ್ನು ಪೂರ್ತಿಯಾಗಿ ಪಡೆಯಲು ಬೇಟೆಗಾರನು ಆನೆಯನ್ನೇ ಕೊಲ್ಲುತ್ತಾನೆ. ಹಿಂಸೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಬಂಧಕ್ಕೆ ಕಾರಣವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ವಸ್ತುಸಂಗ್ರಹಾಲಯದಲ್ಲಿ ದಂತದ ಪೆಟ್ಟಿಗೆ ಇತಿಹಾಸದ ಪಾಠವಾಗಬಹುದು. ಜಿನಮಂದಿರದಲ್ಲಿ ಅದು ಹಿಂಸೆಗೆ ಸಲ್ಲಿಸಿದ ಗೌರವವೇ ಆಗುತ್ತದೆ.

ಆದುದರಿಂದ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಮಂದಿರ ಟ್ರಸ್ಟುಗಳಲ್ಲಿ ಒಂದು ವಿನಂತಿ. ದಂತದ ಯಾವ ವಸ್ತುವನ್ನೂ ಕಾಣಿಕೆಯಾಗಿ ಸ್ವೀಕರಿಸುವುದಿಲ್ಲವೆಂದು ನಿಮ್ಮ ನಿಯಮಾವಳಿಯಲ್ಲಿ ಬರೆಯಿರಿ. ಅಜಿತನಾಥ ತೀರ್ಥಂಕರರ ಲಾಂಛನ ಆನೆ. ಅವರ ಪೀಠದ ಮುಂದೆ ಆನೆಯ ದಂತವನ್ನಿಟ್ಟು ಯಾವ ಮುಖದಿಂದ ಕೈಮುಗಿಯೋಣ?