ಗದ್ದಲದ ಗಣಕಯಂತ್ರಕ್ಕೆ ನೀರಿನ ಉಪಚಾರ



ಕಳೆದ ಬೇಸಗೆಯ ಒಂದು ರಾತ್ರಿ, ಸಂಶಿಯ ನಮ್ಮ ಮನೆಯಲ್ಲಿ ವೃದ್ಧರಾದ ನನ್ನ ತಾಯಿಯವರು ಕುಡಿಯಲು ನೀರು ಬೇಡಿ ಮೂರು ಸಲ ಕೂಗಿದರು. ಪಕ್ಕದ ಕೋಣೆಯಲ್ಲಿ ಚಲಚ್ಚಿತ್ರಗಳ ಚಿತ್ರರಚನೆಯಲ್ಲಿ ತೊಡಗಿದ್ದ ನನ್ನ ಮಗನಿಗೆ ಅದು ಕೇಳಿಸಲಿಲ್ಲ; ಅವನ ಗಣಕಯಂತ್ರದ ಪಂಖಗಳ ಭೋರ್ಗರೆತ ಅಷ್ಟಿದ್ದಿತು. "ನಿನ್ನ ಮಷೀನ ಬಾಯಿ ಮುಚ್ಚಿದರ ನನ್ನ ದನಿ ನಿನಗ ಕೇಳ್ತದ, ತಮ್ಮಾ" ಎಂದು ಮುಂಜಾನೆ ಅವರು ನುಡಿದರು.

ಉಪಾಯವು ನೀರಿನಲ್ಲಿಯೇ ಇದ್ದಿತು. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಉಷ್ಣವನ್ನು ಹೊರಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ' ಮಹಾಗಣಕದಲ್ಲಿಯೂ ಇದೇ ತತ್ತ್ವವುಂಟು.

ಸಾಮಾನುಗಳನ್ನು ಆರಿಸುವಾಗ ನೆನಪಿಡತಕ್ಕವು ಇವು. ರೇಡಿಯೇಟರು ದೊಡ್ಡದಿರಲಿ, ಆಗ ಅದರ ಪಂಖಗಳು ಮೆಲ್ಲನೆ ತಿರುಗಿದರೂ ಸಾಕು. ಪಂಪಿನ ವೇಗವನ್ನು ತಗ್ಗಿಸಲು ಬರುವಂತಿರಲಿ. ಅದರಡಿಗೆ ರಬ್ಬರು ಇರಲಿ. ಶಾಖ ಹೀರುವ ತಾಮ್ರದ ತುಂಡಿನೊಡನೆ ಅಲ್ಯೂಮಿನಿಯಮ್ಮಿನ ರೇಡಿಯೇಟರನ್ನು ಕೂಡಿಸಲಾಗದು. ಒಂದೇ ನೀರಿನಲ್ಲಿ ಎರಡೂ ಇದ್ದರೆ ಅಲ್ಯೂಮಿನಿಯಂ ಸವೆಯುವುದು. ಲವಣವುಳ್ಳ ಬಾವಿನೀರು ಸಲ್ಲದು. ಇದಕ್ಕೆಂದೇ ಮಾರುವ ದ್ರವವನ್ನು ತುಂಬಬೇಕು. ಜೋಡಿಸಿದ ಬಳಿಕ ಗಣಕಕ್ಕೆ ವಿದ್ಯುತ್ತು ಕೊಡದೆ, ಪಂಪನ್ನು ಮಾತ್ರ ಒಂದು ಅಹೋರಾತ್ರಿ ನಡೆಯಿಸಿ ಸೋರಿಕೆಯನ್ನು ಪರೀಕ್ಷಿಸತಕ್ಕದ್ದು. ಆದರೂ ಕೋಣೆಯ ಗಾಳಿಗಿಂತ ಈ ನೀರು ತಂಪಾಗದು. ಆದುದರಿಂದ ಕಿಟಕಿ ತೆರೆದಿರಲಿ.

ಅಮರಕೋಶದಲ್ಲಿ ನೀರಿಗೆ 'ಜೀವನ'ವೆಂಬ ಹೆಸರುಂಟು. ಈಗ ಅಜ್ಜಿಯ ಒಂದೇ ಕರೆಗೆ ಮೊಮ್ಮಗನು ತಂಬಿಗೆ ಹಿಡಿದು ಏಳುತ್ತಾನೆ.